ಹುಸೇನಬಿ ನೀರು ಕುಡದ ದಿನ

ಮೊನ್ನೆ ಒಂದು ಮದುವಿಗೆ ಹೊಂಟಿದ್ದೆ. ಬಸ್ಸು ಸಿಂಧನೂರು ದಾಟುವಾಗ ಅಕ್ಕಿ ಗಿರಣಿಯ ವಾಸನಿ ಕಿಡಕಿಯಿಂದ ಒಳಗ ಬಂತು. ಭತ್ತ ಕುದಿಸೋ ವಾಸನಿ ಅದು, ಒಂಥರಾ ಹಸಿ, ಒಂಥರಾ ಹುಳಿ. ಬಾಜೂಕ ಕುಂತಿದ್ದ ಹೆಣ್ಣಮಗಳು "ಊರು ಬಂತು ನೋಡ್ರಿ" ಅಂತ ಖುಷಿಯಿಂದ ಸೆರಗು ಸರಿ ಮಾಡಿಕೊಂಡಳು. ನಾ ಮಾತ್ರ ಕಿಡಕಿ ಎಳದು ಮುಚ್ಚಿದೆ. ಆ ವಾಸನಿ ಬಂದ್ರ ಇವತ್ತಿಗೂ ನನಗ ಒಂದು ಮಳೆಗಾಲ ನೆನಪಾಗ್ತೈತಿ, ಒಬ್ಬ ಹುಡುಗಿ ನೆನಪಾಗ್ತಾಳ. ಆ ಮಳೆಗಾಲದಾಗ ಆಕಿ ಓದು, ಮುಂದಿನ ಬದುಕು ಎಲ್ಲಾ ನನ್ನ ಒಂದು ಮಾತಿನ ಮ್ಯಾಲ ನಿಂತಿತ್ತು.

ನಾ ಆಕ್ಯುಪೇಷನಲ್ ಥೆರಪಿಸ್ಟ್. ಹಂಗಂದ್ರೇನು ಅಂತ ನಮ್ಮ ಸ್ವಂತ ಅಕ್ಕಗ ಇನ್ನೂ ತಿಳಿದಿಲ್ಲ, "ಕೈಕಾಲು ತಿಕ್ಕಾಕ ಹೋಗ್ತಾಳ" ಅಂತ ಬೀಗರ ಮುಂದ ಹೇಳ್ತಾಳ. ತಿಕ್ಕೋದಲ್ಲ ನಮ್ಮ ಕಸುಬು. ಲಕ್ವ ಹೊಡದೋರು, ಬಿದ್ದು ಸೊಂಟ ಮುರಕೊಂಡೋರು, ಹುಟ್ಟಿನಿಂದ ಕೈ ಸ್ವಾಧೀನ ಇಲ್ಲದ ಮಕ್ಕಳು, ಇವರೆಲ್ಲ ತಮ್ಮ ಕೆಲಸ ತಾವ ಮಾಡಿಕೊಳ್ಳೋಹಂಗ ಮಾಡೋದು. ಗುಂಡಿ ಹಾಕ್ಕೊಳ್ಳೋದು, ತುತ್ತು ಎತ್ತೋದು, ಜಳಕ, ಸಂಡಾಸ. ಆ ವರ್ಷ ಒಂದು ಕಾಲೇಜಿನೋರು ನನ್ನ ಕರೆದ್ರು. ಅವರ ಕಡೆ ಈ ಕಸುಬಿನ ಅಸಿಸ್ಟೆಂಟ್ ಡಿಪ್ಲೊಮಾ ಮಾಡೋ ಹುಡುಗರು ಸಿಂಧನೂರು, ಮಸ್ಕಿ, ಲಿಂಗಸುಗೂರಿನ್ಯಾಗ ಖರೇ ಪೇಷೆಂಟರ ಜೋಡಿ ಕೆಲಸ ಕಲಿಯೋರಿದ್ರು. ನೀವು ಮೂರೂ ಊರು ಅಡ್ಡಾಡಿ ನೋಡ್ರಿ, ಕಡೀಕ ಯಾರು ಪಾಸು ಯಾರು ಫೇಲು ಅಂತ ಹೇಳ್ರಿ ಅಂದ್ರು. ಎಡದಂಡಿ ಕಾಲುವಿಗೆ ನೀರು ಬಿಟ್ಟ ವಾರ ನಾ ಸಿಂಧನೂರಿನ್ಯಾಗ ಒಂದು ಖೋಲಿ ಹಿಡದೆ. ದಸರಾ ಹೊತ್ತಿಗೆ ಕೆಲಸ ಮುಗೀಬೇಕಿತ್ತು.

ಕೇಳಾಕ ಹಗುರ ಅನಸ್ತೈತಿ. ಆದ್ರ ಪರೀಕ್ಷಾ ನೋಡೋರಿಗೆ ಒಂದು ನೇಮ ಐತಿ. ವಿದ್ಯಾರ್ಥಿ ಪೇಷೆಂಟ್ ಜೋಡಿ ಕೆಲಸ ಮಾಡುವಾಗ ನಾವು ಬಾಯಿ ಮುಚ್ಚಿಕೊಂಡು, ಕೈ ಕಟ್ಟಿಕೊಂಡು ಮೂಲ್ಯಾಗ ನಿಂದ್ರಬೇಕು. ಪೇಷೆಂಟ್ ನೆಲಕ್ಕ ಬೀಳೋಹಂಗಾದ್ರ ಮಾತ್ರ ಕೈ ಹಾಕಬೇಕು. ಹಾಕಿದ್ವಿ ಅಂದ್ರ ಆ ವಿದ್ಯಾರ್ಥಿ ಕಥಿ ಅಲ್ಲಿಗೆ ಮುಗೀತು. ನನ್ನಂಥಾಕಿಗೆ ಇದು ಶಿಕ್ಷಾ. ಗ್ಯಾಸ್ ಆರಿಸೀನೋ ಇಲ್ಲೋ ನೋಡಾಕ ಬಸ್‌ಸ್ಟ್ಯಾಂಡಿನಿಂದ ಹೊಳ್ಳಿ ಖೋಲಿಗೆ ಬರುವಾಕಿ ನಾ. ಬ್ಯಾರೆಯವರ ಕೈಯಾಗ ಪೇಷೆಂಟ್ ತೂಗಾಡೋದು ನೋಡಿಕೋತ ಸುಮ್ಮನ ನಿಂದ್ರು ಅಂದ್ರ ಹೆಂಗ ನಿಂದ್ರಲಿ?

ಸಿಂಧನೂರಿನ ದವಾಖಾನ್ಯಾಗ ಗೊರೇಬಾಳದ ಮಲ್ಲಿಕಾರ್ಜುನ ಅಂತ ಒಬ್ಬ ಹುಡುಗ ಇದ್ದ. ಮಾತು ಜಾಸ್ತಿ, ಆದ್ರ ಕೆಲಸ ಚೊಕ್ಕ. ಲಿಂಗಸುಗೂರಿನ ಮಕ್ಕಳ ಶಾಲ್ಯಾಗ ಕವಿತಾ ಇದ್ದಳು, ಆಕಿ ಮಕ್ಕಳ ಜೋಡಿ ತಾನೂ ಮಗು ಆಗಿ ಬಿಡ್ತಿದ್ದಳು. ಇವರಿಬ್ಬರದು ನನಗ ಫಿಕರ್ ಇರಲಿಲ್ಲ. ಫಿಕರ್ ಎಲ್ಲಾ ಎರಡೂ ಊರಿನ ನಡುವ ಮಸ್ಕಿಯೊಳಗ ಕುಂತಿತ್ತು, ಸುಜಾತಾ ಅಂತ ಹೆಸರು.

ಸುಜಾತಾ ಲಿಂಗಸುಗೂರಿನ ಹುಡುಗಿ, ಬೌದ್ಧರ ಮನಿಯಾಕಿ. ಅಪ್ಪ ಬ್ಯಾಂಕಿನ್ಯಾಗ, ಅವ್ವ ಸಾಲಿ ಟೀಚರ್. ಮಗಳು ಬಿ.ಎಡ್. ಮಾಡಲಿ ಅಂತ ಅವರ ಆಸೆ. ಇಲ್ಲ, ನಾ ಇದನ್ನ ಕಲೀತೀನಿ ಅಂತ ಹಟ ಹಿಡದು ಬಂದಾಕಿ. ಹಿಂದಿನ ಸಲ ಬ್ಯಾರೆ ಊರಾಗ ಕಲಿಯುವಾಗ ಒಬ್ಬ ಮುದುಕನ್ನ ಹಾಸಿಗಿಯಿಂದ ಕುರ್ಚಿಗೆ ಕೂಡಸಾಕ ಹೋಗಿ, ಆತ ಆಕಿ ಕೈಯಾಗಿಂದ ಜಾರಿ ಬಿದ್ದಿದ್ದ. ಪೆಟ್ಟೇನೂ ಆಗಿರಲಿಲ್ಲ. ಆದ್ರ ಅಲ್ಲಿ ಪರೀಕ್ಷಾ ನೋಡಿದೋರು, ಈಕಿ ಕೈಯಾಗ ಪೇಷೆಂಟ್ ಬಿಡಾಕ ಬರಂಗಿಲ್ಲ ಅಂತ ಫೇಲ್ ಮಾಡಿದ್ರು. ಇದು ಎರಡನೇ ಸಲ. ಮೂರನೇ ಸಲ ಅನ್ನೋದು ಆ ಕೋರ್ಸಿನ್ಯಾಗ ಇರಲಿಲ್ಲ. ಇಲ್ಲಿ ಹೋದ್ರ ಮನಿಗೇ ಹೋಗಬೇಕು.

ನಾ ಮೊದಲ ದಿನ ಮಸ್ಕಿಗೆ ಹೋದಾಗ ಗುಡ್ಡದ ಕಡೆ ಒಂದು ಓಣ್ಯಾಗ ಹುಸೇನಬಿ ಅನ್ನಾಕಿ ಮನ್ಯಾಗ ಸುಜಾತಾ ಕೆಲಸ ನಡೆಸಿದ್ದಳು. ಹುಸೇನಬಿ ಮಸ್ಕಿಯ ಬಳಿಗಾರ್ತಿ. ಮನಿ ಮನಿಗೆ ಹೋಗಿ ಹೆಣ್ಣಮಕ್ಕಳಿಗೆ ಬಳಿ ಇಡಸ್ತಿದ್ದಾಕಿ, ಅರ್ಧ ಊರಿನ ಕೈ ಆಕಿಗೆ ಗೊತ್ತಿತ್ತು. ಬ್ಯಾಸಿಗ್ಯಾಗ ಲಕ್ವ ಹೊಡದು ಬಲಗೈ ಬಿದ್ದಿತ್ತು, ಬಲಗಾಲು ಎಳದು ನಡೀತಿದ್ದಳು. ಮಗ ಮೌಲಾ ಟಂಟಂ ಆಟೋ ಓಡಸ್ತಿದ್ದ. ಸೊಸಿ ರೇಷ್ಮಾ ಸಾಲ್ಯಾಗ ಬಿಸಿಯೂಟದ ಅಡಗಿ ಮಾಡಾಕ ಹೋಗಾಕಿ, ಮುಂಜಾನೆ ಹೋದ್ರ ಮಕ್ಕಳು ಉಂಡು, ಪಾತ್ರಿ ತಿಕ್ಕಿ ಬರೋತನಕ ಮುದುಕಿ ಒಬ್ಬಾಕಿನ ಹಗ್ಗದ ಹೊರಸಿನ ಮ್ಯಾಲ ಬಿದ್ದಿರತಿದ್ದಳು.

ನಾ ಒಳಗ ಕಾಲಿಟ್ಟಾಗ ಸುಜಾತಾ ಹುಸೇನಬಿನ ನಿಂದ್ರಿಸಿ ನಡೆಸಾಕತ್ತಿದ್ದಳು. ಸೊಂಟದ ಸುತ್ತ ಎರಡೂ ಕೈ ಹಾಕಿ ಹೆಂಗ ಹಿಡದಿದ್ದಳಂದ್ರ, ನಡಿಯಾಕತ್ತಾಕಿ ಯಾರು ಹೊತಕೊಂಡು ಹೊಂಟಾಕಿ ಯಾರು ಗೊತ್ತಾಗತಿರಲಿಲ್ಲ.

"ಬಿಡವಾ ಸುಜಾತಾ, ಸ್ವಲ್ಪ ಬಿಡು, ಅವರಿಗೆ ಕಾಲದಾವ" ಅಂದೆ.

"ಹ್ಞೂಂ ರಿ ಮೇಡಂ" ಅಂದಳು. ಬಿಡಲಿಲ್ಲ.

ಹುಸೇನಬಿ ನನ್ನ ಕಡೆ ನೋಡಿ ನಕ್ಕಳು. "ಡಾಕ್ಟರಮ್ಮ, ಈಕಿ ನನ್ನ ಬಿಡಂಗಿಲ್ಲ ತಗೀರಿ. ಹಿಂಗ ಹಿಡದು ಬಳಿ ಇಡಸಿದ್ರ ಒಂದು ಬಳಿನೂ ಉಳೀತಿರಲಿಲ್ಲ" ಅಂದಳು. ನಾ ಡಾಕ್ಟರ್ ಅಲ್ಲ ಅಂತ ಹೇಳಿದೆ. ಅವತ್ತಿನಿಂದ ಕಡೀತನಕ ಡಾಕ್ಟರಮ್ಮನ ಆಗಿ ಉಳದೆ.

ಆ ಸಲ ಮಳಿ ಬಿಟ್ಟು ಬಿಟ್ಟು ಬಂತು. ನಾ ವಾರಕ್ಕೊಮ್ಮೆ ಇಲ್ಲಾ ಎರಡು ಸಲ ಮಸ್ಕಿಗೆ, ಅಲ್ಲಿಂದ ಲಿಂಗಸುಗೂರಿಗೆ ಹೋಗಿ ಬರತಿದ್ದೆ. ಸಿಂಧನೂರು ಬಿಡೋತನಕ ರಸ್ತೆದ ಎರಡೂ ಕಡೆ ನೀರು ನಿಂತ ಗದ್ದಿ, ಸಸಿ ಹಚ್ಚೋ ಹೆಣ್ಣಮಕ್ಕಳು ಸಾಲಾಗಿ ಬಗ್ಗಿ ಹಿಂದ ಹಿಂದ ಸರಕೋತ ಬರತಿದ್ರು. ಮುಂದ ಹೋದಂಗ ಹಸರು ಮುಗದು ಕರಿ ನೆಲ ಬರತಿತ್ತು, ತೊಗರಿ, ಹತ್ತಿ. ಮಸ್ಕಿ ಹಳ್ಳ ತುಂಬಿದ್ರ ಬಸ್ಸು ಆ ಕಡೆನ ನಿಂದ್ರತಿತ್ತು. ಮಂದಿ ಕಿಡಕಿಯಾಗಿಂದ ನೀರು ನೋಡಿಕೋತ ಮಾತಾಡತಿದ್ರು. ನಾ ಮಾತ್ರ, ಈಗ ಆ ಹುಡುಗಿ ಮುದುಕಿನ ಎಬ್ಬಸಾಕತ್ತಿರಬೇಕು, ಜಾರಿತೇನೋ, ಬಿತ್ತೇನೋ ಅಂತ ಫೋನ್ ನೋಡಿಕೋತ ಕುಂದ್ರತಿದ್ದೆ. ಫೋನ್ ಬಂದ್ರೂ ಅಂಜಿಕಿ, ಬರದಿದ್ರೂ ಅಂಜಿಕಿ.

ನಡುವಿನ ಪರೀಕ್ಷಾದಾಗ ನಾ ಸುಜಾತಾಗ ಖಡಕ್ಕಾಗಿ ಹೇಳಿದೆ. "ನೋಡವಾ, ನೀ ಆಕಿನ ಬೀಳಸಂಗಿಲ್ಲ, ಖರೆ. ಆದ್ರ ನೀ ಹೋದಮ್ಯಾಲ ಆಕಿ ಎದ್ದು ನಿಂದ್ರಂಗೂ ಇಲ್ಲ. ನಿನ್ನ ಕೈ ಇದ್ರ ಮಾತ್ರ ನಡಿಯೋ ಪೇಷೆಂಟ್ ತಯಾರ ಮಾಡಾಕತ್ತಿ. ಇದು ಸಾಲಂಗಿಲ್ಲ."

ಆಕಿ ತಲಿ ತಗ್ಗಿಸಿ, "ಬಿಡಬೇಕು ಅಂತ ಗೊತ್ತೈತ್ರಿ. ಬಿಡೋ ಹೊತ್ತಿಗೆ ಆ ಅಜ್ಜ ಬಿದ್ದ ಸಪ್ಪಳ ಕೇಳ್ತೈತ್ರಿ" ಅಂದಳು.

ನನಗ ಪಾಪ ಅನಿಸ್ತು, ಸಿಟ್ಟೂ ಬಂತು. ಅಂಜೋ ಹುಡುಗಿನ ಪಾಸ್ ಮಾಡಿ ನಾಳೆ ಯಾರದೋ ಮನಿ ಮುದುಕರನ್ನ ಆಕಿ ಕೈಯಾಗ ಕೊಟ್ಟು, ಅವರಿಗೇನರ ಆದ್ರ? ಫೇಲ್ ಮಾಡಿ ಆಕಿನ ಮನಿಗೆ ಕಳಿಸಿ, ಆಮ್ಯಾಲ ಆಕಿ ಛಲೋ ಇದ್ದಳು ಅಂತ ಅನಿಸಿದ್ರ? ಇವೆರಡರ ನಡುವ ನಾ ಊಟ ಮಾಡಿದ್ದು, ಬಸ್ಸು ಹತ್ತಿದ್ದು, ಬಟ್ಟಿ ಒಗದದ್ದು ಎಲ್ಲಾ ನಡೀತಿತ್ತು.

ಇಷ್ಟರಾಗ ಇನ್ನೊಂದು ಸಂಗತಿ ಬಯಲಾತು. ನಾ ಹೋದಾಗೊಮ್ಮೆ ಹುಸೇನಬಿ ಸುಜಾತಾನ ಕೈಲೆ ಚಹಾ ಮಾಡಸತಿದ್ದಳು. ನಮ್ಮಿಬ್ಬರಿಗೂ ಕುಡಿಸಿ ತಾನು ಮಾತ್ರ "ಈಗ ಆತು ನಂದು" ಅಂತಿದ್ದಳು. ಸಕ್ರಿ ಕಾಯಿಲೆ ಇರಬೇಕು ಅಂದುಕೊಂಡು ಬಿಟ್ಟಿದ್ದೆ. ಒಂದಿನ ಮಳಿ ಇಲ್ಲ, ಬಿಸಿಲಿನ ಝಳ ತಗಡಿನಿಂದ ಇಳೀತಿತ್ತು, ಮುದುಕಿ ತುಟಿ ಒಣಗಿ ಸೀಳಿದ್ವು. ನೀರರ ಕುಡೀರಿ ಅಂದ್ರ "ದಾಹ ಇಲ್ಲ" ಅಂದಳು. ಅವತ್ತು ಸಾಲಿ ಸೂಟಿ ಇತ್ತು, ರೇಷ್ಮಾ ಮನ್ಯಾಗಿದ್ದಳು. ಒಲಿ ಮುಂದ ಕುಂತಾಕಿ ಸುಮ್ಮನಿರಲಾರದ ಅಂದಳು, "ಅವರು ಹಗಲು ನೀರು ಮುಟ್ಟಂಗಿಲ್ಲ ಮೇಡಂ. ಮುಂಜಾನೆ ನಾ ಸಂಡಾಸಕ್ಕ ಕರಕೊಂಡು ಹೋಗಿ ಬರ್ತೀನಿ. ಆಮ್ಯಾಲ ನಾ ಕೆಲಸದಿಂದ ಬರೋತನಕ ಕರಕೊಂಡು ಹೋಗೋರಿಲ್ಲಲ್ರಿ. ಕುಡಿದ್ರ ಬರ್ತೈತಂತ ಕುಡಿಯೋದ ಬಿಟ್ಟಾರ."

"ಚುಪ್ ಬೈಠ್ ಗೇ" ಅಂತ ಹುಸೇನಬಿ ಸೊಸಿಗೆ ಜಬರಿಸಿ, ಮುಖ ಗ್ವಾಡಿ ಕಡೆ ತಿರುವಿದಳು. ನಾಚಿಕಿಲೆ ಆಕಿ ಕಿವಿ ಕೆಂಪಾಗಿದ್ವು.

ನನಗ ಬಾಯಿಗೆ ಬಂದಂಗ ಬೈಬೇಕು ಅನಿಸ್ತು, ಯಾರಿಗಂತ ಗೊತ್ತಾಗಲಿಲ್ಲ. ಅಲ್ಲಿತನಕ ಸುಜಾತಾ ಪುಸ್ತಕದಾಗಿದ್ದ ಕ್ರಮದಂಗ ತಲಿ ಬಾಚೋದು, ಎಡಗೈಲೆ ಚಮಚ ಹಿಡಿಯೋದು ಕಲಸಾಕತ್ತಿದ್ದಳು. ನಾನೂ ಅದಕ್ಕ ಹ್ಞೂಂ ಅಂದಿದ್ದೆ. ಬಿ.ಪಿ. ಗುಳಗಿ ನುಂಗಾಕ ಸೈತ ಒಂದು ಗುಟುಕಿನ ಮ್ಯಾಲ ನೀರು ಕುಡಿಯದ ಹೆಣ್ಣಮಗಳಿಗೆ ತಲಿ ಬಾಚಿ ಏನು ಮಾಡೋದೈತಿ?

ಸುಜಾತಾ ಹೊರಸಿನ ಬಾಜೂಕ ನೆಲದ ಮ್ಯಾಲ ಕುಂತು ಹೇಳಿದಳು, "ಅಮ್ಮಾ, ಇನ್ನ ತಲಿ ಬಾಚೋದು ಬಿಡೂಣು. ಯಾರೂ ಇಲ್ಲದಾಗ ನೀವೊಬ್ಬರ ಹಿತ್ತಲಕ್ಕ ಹೋಗಿ ಬರಬೇಕು. ನನ್ನ ಪರೀಕ್ಷಾನೂ ಅದ ಇಡ್ರಿ ಮೇಡಂ."

"ಒಬ್ಬಾಕಿನ?" ಅಂದಳು ಹುಸೇನಬಿ, ಇನ್ನೂ ಗ್ವಾಡಿ ಕಡೆ ಮುಖ ಮಾಡಿ. "ಮೊದಲ ನೀ ನನ್ನ ಸೊಂಟ ಬಿಡು, ಆಮ್ಯಾಲ ನೋಡೂಣು."

ಆ ಹಾದಿ ಉದ್ದೇನಿರಲಿಲ್ಲ. ಹೊರಸಿನಿಂದ ಹಿತ್ತಲ ಬಾಗಿಲು, ಎತ್ತರದ ಹೊಸ್ತಿಲು, ಕೆಳಗ ಮೆಟ್ಟಲು, ಆಮ್ಯಾಲ ಅಂಗಳದಾಗ ಪರಸಿ ಕಲ್ಲು, ಮಳಿ ಬಂದ್ರ ಪಾಚಿ ಹಿಡದು ಜಾರೋವಂಥವು. ಅದರಾಚೆ ತಗಡಿನ ಬಾಗಿಲದ ಸಂಡಾಸ. ಸುಜಾತಾ ಮೌಲಾನ ಬೆನ್ನು ಹತ್ತಿ ಗ್ವಾಡಿಗುಂಟ ಒಂದು ಕಬ್ಬಿಣದ ಪೈಪ್ ಹಾಕಿಸಿದಳು. ಹಳೇ ಪ್ಲಾಸ್ಟಿಕ್ ಕುರ್ಚಿಗೆ ನಡುವ ತೂತು ಕೊರದು ಒಳಗಿಟ್ಟರು, ಯಾಕಂದ್ರ ಕುಕ್ಕರಗಾಲಿಲೆ ಕುಂತ್ರ ಹುಸೇನಬಿ ಮತ್ತ ಏಳಾಕ ಬರತಿರಲಿಲ್ಲ. ಪಾಚಿ ತಿಕ್ಕಿ ತಗದಳು, ಮಳಿ ಬಂದು ಮತ್ತ ಹಿಡೀತು, ಮತ್ತ ತಿಕ್ಕಿದಳು. ದಿನಾ ಹೋಗೋದು, ದಿನಾ ಬರೋದು. ಸೊಂಟದಾಗಿದ್ದ ಕೈ ಮೊಣಕೈಗೆ ಬಂತು. ಮೊಣಕೈ ಬಿಟ್ಟು ಕಡೀಕ ಸೆರಗಿನ ತುದಿ ಹಿಡಕೊಂಡು ಹಿಂದ ಹಿಂದ ನಡಿಯಾಕತ್ತಳು. ಸೆರಗು ಹಿಡದ್ರ ಬೀಳೋ ಮನಿಷಿ ನಿಂದ್ರತಾಳೇನು? ಅದನ್ನೂ ಬಿಡು ಅಂದೆ. ಬಿಡಲಿಲ್ಲ. ಹಂಗ ದಸರಾ ಹತ್ರ ಬಂತು.

ಆ ವಾರ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬರು ಹೆಲ್ಮೆಟ್ ಕೈಯಾಗ ಹಿಡಕೊಂಡು ನನ್ನ ಹತ್ರ ಬಂದು, ನಾ ಸುಜಾತಾನ ತಂದಿ ರಿ ಅಂದ್ರು. ಶಿಫಾರಸ್ಸಿಗೆ ಬಂದಾರ ಅಂತ ನನ್ನ ಮುಖ ಗಂಟಿಕ್ಕಿತು.

"ನಾ ಏನೂ ಕೇಳಾಕ ಬಂದಿಲ್ಲ ಮೇಡಂ. ಆಕಿ ತಯಾರಿಲ್ಲ ಅಂದ್ರ ಫೇಲ್ ಮಾಡ್ರಿ. ಆದ್ರ ಹಂಗೇನಿದ್ರ ಮೊದಲ ನನಗ ಒಂದು ಫೋನ್ ಮಾಡ್ರಿ. ಹಿಂದಿನ ಸಲ ಸುದ್ದಿ ಬಂದಾಗ ನಾ ಬ್ಯಾಂಕಿನ್ಯಾಗಿದ್ದೆ, ಅವರವ್ವ ಸಾಲ್ಯಾಗ. ಮನ್ಯಾಗ ಒಬ್ಬಾಕಿನ ಬಾಗಿಲು ಹಾಕ್ಕೊಂಡು ಕುಂತಿದ್ದಳು. ಈ ಸಲ ಆಕಿ ಮನಿಗೆ ಬರೋದ್ರೊಳಗ ನಾ ಮನ್ಯಾಗಿರಬೇಕು."

ಚಹಾ ಕುಡೀತೀರೇನ್ರಿ ಅಂತ ಕೇಳಿದ್ರು. ಬ್ಯಾಡ ಅಂದೆ, ಬಸ್ಸು ಹತ್ತಿದೆ. ಮಸ್ಕಿ ಬರೋತನಕ ಆ ಮನಿಷಾನ ಹೆಲ್ಮೆಟ್ ಹಿಡದ ಕೈ ಕಣ್ಣ ಮುಂದ ಇತ್ತು. ಬೈದಿದ್ರ, ಕಾಲು ಹಿಡದಿದ್ರ ನನಗ ಹಗುರ ಆಗ್ತಿತ್ತು.

ಪರೀಕ್ಷಾ ದಿನ ಮುಂಜಾನೆ ಜಿಟಿ ಜಿಟಿ ಮಳಿ. ಉಳಿದೋರ ಫಲಿತಾಂಶ ಎಲ್ಲಾ ಕೊಟ್ಟಾಗಿತ್ತು. ಸುಜಾತಾಂದು ಒಂದು ಬಾಕಿ. ಅವತ್ತು ಸಂಜಿಗೆ ಪ್ರಿನ್ಸಿಪಾಲರು ಎಲ್ಲಾರ ಫಲಿತಾಂಶ ಮ್ಯಾಲ ಕಳಿಸಬೇಕಿತ್ತು. ನಾ ಹೋದಾಗ ಮೌಲಾ, ರೇಷ್ಮಾ ಇಬ್ಬರೂ ಕೆಲಸಕ್ಕ ಹೋಗಿದ್ರು. ಹುಸೇನಬಿ ಹೊಸಾ ಸೀರಿ ಉಟ್ಟು, ತಲಿಗೆ ಎಣ್ಣಿ ಹಚ್ಚಿ ಬಾಚಿಕೊಂಡು, ಹೊರಸಿನ ಮ್ಯಾಲ ಮದುಮಗಳಂಗ ಕುಂತಿದ್ದಳು. ಸುಜಾತಾ ಪೈಪ್ ಎಳದು ಎಳದು ನೋಡಾಕತ್ತಿದ್ದಳು. ನಾ ಮೂಲ್ಯಾಗ ನಿಂತು ಕೈ ಕಟ್ಟಿದೆ.

"ಹೋಗೂಣೇನ್ರಿ ಅಮ್ಮಾ?"

"ನಡಿ ಬೇಟಿ. ಇವತ್ತ ಓಡ್ತೀನಿ ನೋಡು."

ಎಡಗೈ ಊರಿ ಎದ್ದಳು. ಸೀದಾ ನಿಂತಳು. ಸುಜಾತಾ ಮೊದಲನೇ ಸಲ ಸೆರಗು ಸೈತ ಹಿಡಿಯಲಿಲ್ಲ, ಬಾಜೂಕ ಒಂದು ಗೇಣು ಬಿಟ್ಟು ನಡದಳು. ಹೊಸ್ತಿಲ ಹತ್ರ ಬಂದು ಹುಸೇನಬಿ ಪೈಪ್ ಹಿಡದು ನಿಂತಳು. ನಗತಿದ್ದಳು. ಸುಜಾತಾ ಒಂದು ಕ್ಷಣ ಆಕಿ ಮುಖ ನೋಡಿದಳು, ಕೈ ಹಿಡದಳು, ಹೊಳ್ಳಿಸಿ ತಂದು ಹೊರಸಿನ ಮ್ಯಾಲ ಕೂಡಿಸಿಬಿಟ್ಟಳು.

"ಮೇಡಂ, ನಾ ಇವತ್ತ ಮುಂದ ನಡೆಸಂಗಿಲ್ರಿ."

"ಯಾಕ?"

"ಅಮ್ಮಾಗ ತಲಿ ತಿರಗಾಕತ್ತೈತ್ರಿ."

"ಏನೂ ತಿರಗಿಲ್ಲ" ಅಂದಳು ಹುಸೇನಬಿ. "ನಡಿ ನಡಿ, ಡಾಕ್ಟರಮ್ಮ ನೋಡಾಕತ್ತಾರ."

ಸುಜಾತಾ ಬಿ.ಪಿ. ಮಷೀನ್ ಕಟ್ಟಿದಳು. ಬಿ.ಪಿ. ಬಾಳ ಇಳದಿತ್ತು. ಬಾಯೊಳಗ ಉಗುಳು ಇರಲಿಲ್ಲ ಮುದುಕಿಗೆ, ನಾಲಿಗಿ ಅಂಟಿ ಅಂಟಿ ಮಾತು ಬರತಿತ್ತು.

"ಗುಳಗಿ ತಗೊಂಡೀರೇನ್ರಿ? ಏನು ತಿಂದೀರಿ ಮುಂಜಾನೆ?"

ಹುಸೇನಬಿ ಸೆರಗಿನ ಅಂಚು ಸವರಿಕೋತ ಕುಂತಳು. "ರೋಜಾ ಹಿಡದೀನಿ" ಅಂದಳು.

"ಈಗ ಯಾವ ರೋಜಾ ರಿ? ರಂಜಾನ್ ಎಲ್ಲೈತಿ?"

"ನಿನ್ನ ಪರೀಕ್ಷಾ ಐತೆಲ್ಲ" ಅಂದಳು, ಇದೂ ಒಂದು ಕೇಳೋ ಮಾತೇನು ಅನ್ನೋಹಂಗ. "ನಿನ್ನೆ ಸಂಜಿಯಿಂದ ಬಾಯಾಗ ಏನೂ ಹಾಕಿಲ್ಲ. ಹುಡುಗಿ ಪಾಸಾಗಲಿ ಅಂತ ಅಲ್ಲಾಗ ಕೇಳ್ಕೊಂಡೀನಿ."

ಸುಜಾತಾ ನೆಲದ ಮ್ಯಾಲ ಕುಂತುಬಿಟ್ಟಳು. "ನಾ ನಿಮ್ಮನ್ನ ನೀರು ಕುಡಿಸಬೇಕಂತ ಇಷ್ಟೆಲ್ಲಾ ಮಾಡೀನಿ. ನೀವು ನನ್ನ ಸಲುವಾಗಿನ ನೀರು ಬಿಟ್ಟು ಕುಂತೀರಿ. ನಮ್ಮ ಮನ್ಯಾಗ ನನ್ನ ಪರೀಕ್ಷಾಕ್ಕ ಯಾರೂ ಒಂದು ಉಪಾಸ ಮಾಡಿದೋರಲ್ಲ ರಿ ಅಮ್ಮಾ" ಅಂದಳು. ಸಿಟ್ಟಿಲೆ ಅಂದಳೋ ಅಳಕೋತ ಅಂದಳೋ, ಎರಡೂ ಇತ್ತು.

ನಾ ಪಡಸಾಲಿಗೆ ಹೊರಗ ಬಂದೆ. ಪ್ರಿನ್ಸಿಪಾಲರ ಫೋನ್ ಬಂತು. ನಡೀತೇನ್ರಿ ಅಂತ ಕೇಳಿದ್ರು. ನಡುವ ನಿಲ್ಲಿಸ್ಯಾಳ ಅಂದೆ. "ಹಂಗಾದ್ರ ಆಗಲಿಲ್ಲ ಅಂದಂಗಾತು" ಅಂದ್ರು. ಸಂಜಿತನಕ ಹೊತ್ತು ಕೊಡ್ರಿ ಅಂತ ಫೋನ್ ಇಟ್ಟೆ. ನನ್ನ ಮನಸ್ಸು ಒಂದ ಸವನ ಕುದೀತಿತ್ತು. ನಿಲ್ಲಿಸಿದ್ದು ಸರಿ, ಅದರಾಗ ಎರಡು ಮಾತಿಲ್ಲ. ಆದ್ರ ನೋಡಿ ನಿಲ್ಲಿಸಿದಳೋ, ಅಂಜಿ ನಿಲ್ಲಿಸಿದಳೋ? ಅಂಜಿ ನಿಲ್ಲಿಸುವಾಕಿಗೆ ಒಂದು ದಿನ ಕಾರಣ ಸಿಕ್ಕಿತು. ನಾಳೆ ಕಾರಣ ಇಲ್ಲದಾಗೂ ಹಿಂಗ ಹೊಳ್ಳಿಸಿ ಕೂಡಿಸಿದ್ರ, ಎಷ್ಟು ಮಂದಿ ಹೊರಸಿನ ಮ್ಯಾಲನ ಉಳೀತಾರ?

ಒಳಗ ಹೋಗಿ ಸೀದಾ ಆಕಿನ್ನ ಕೇಳಿದೆ. "ಖರೇ ಹೇಳು. ನೋಡಿ ನಿಲ್ಲಿಸಿದಿಯೋ, ಅಂಜಿ ನಿಲ್ಲಿಸಿದಿಯೋ?"

ಆಕಿ ಬಿ.ಪಿ. ಮಷೀನಿನ ಪಟ್ಟಿ ಸುತ್ತಿ ಇಟ್ಟಳು. "ಎರಡೂ ಇರಬೇಕ್ರಿ ಮೇಡಂ" ಅಂದಳು. "ಹೆಂಗ ನಡದೈತಿ ಹಂಗ ಬರೀರಿ."

ಹುಸೇನಬಿ ನಮ್ಮಿಬ್ಬರ ಮುಖ ಆ ಕಡೆ ಈ ಕಡೆ ನೋಡಿದಳು. "ಅಂದ್ರ ನನ್ನ ದೆಸೀಲೆ ಈಕಿ ಫೇಲ್ ಆದಳೇನು?" ಮುದುಕಿ ಮೂಲ್ಯಾಗಿನ ಕೊಡದ ಕಡೆ ಕೈ ಮಾಡಿ, "ಒಂದು ಚರಗಿ ನೀರು ಕೊಡು" ಅಂದಳು.

"ರೋಜಾ ಮುರೀತೈತಲ್ರಿ ಅಮ್ಮಾ" ಅಂದಳು ಸುಜಾತಾ.

"ನಾ ಮನಸ್ಸಿಲೆ ಹಿಡದ ರೋಜಾ. ಇನ್ನೊಂದಿನ ಹಿಡದು ತೀರಸ್ತೀನಿ. ಅಲ್ಲಾಗ ನಾ ಹೇಳ್ಕೋತೀನಿ, ನೀ ನೀರು ಕೊಡು."

ಸುಜಾತಾ ಕೊಟ್ಟಳು. ಹುಸೇನಬಿ ಎಡಗೈಲೆ ಚರಗಿ ಹಿಡದು, ಬಾಯಾಗ ಏನೋ ಅಂದುಕೊಂಡು, ಕುಡದಳು. ಸಾವಕಾಶ ಕುಡೀರಿ ಅಂದೆ, ಕೇಳಲಿಲ್ಲ. ಕುತಗಿ ಮ್ಯಾಲ ನೀರು ಇಳದು ಹೊಸಾ ಸೀರಿ ತೋಯ್ತು. ಚರಗಿ ಖಾಲಿ ಮಾಡಿ ಇನ್ನೊಂದು ಕೊಡು ಅಂದಳು. ಅದನ್ನೂ ಕುಡದು, ತುಟಿ ಒರಸಿಕೊಂಡು ನನ್ನ ಕಡೆ ನೋಡಿದಳು. "ಇಷ್ಟು ಕುಡದಮ್ಯಾಲ ಹೋಗಬೇಕಾಗ್ತೈತಿ, ಹೌದಿಲ್ಲೋ? ಕುಂದ್ರಿ ಡಾಕ್ಟರಮ್ಮ. ನಿಮ್ಮ ಬಸ್ಸು ಹೋದ್ರ ನಮ್ಮ ಮೌಲಾ ಬಿಟ್ಟು ಬರತಾನ."

ನಾ ಕುಂತೆ. ಸುಜಾತಾ ರೇಷ್ಮಾ ಮಾಡಿಟ್ಟಿದ್ದ ಅನ್ನಕ್ಕ ಬ್ಯಾಳಿ ಹಾಕಿ ಬಿಸಿ ಮಾಡಿ ಕೊಟ್ಟಳು, ಗುಳಗಿಯ ವಿಷಯ ದವಾಖಾನಿಗೆ ಫೋನ್ ಹಚ್ಚಿ ಕೇಳಿಕೊಂಡಳು. ಹೊತ್ತು ಹೋಗಾಕತ್ತಿತು. ಮಳಿ ನಿಂತಿತು. ಹುಸೇನಬಿ ಗ್ವಾಡಿಗೆ ಒರಗಿ ಒಂದು ಜೋಂಪು ತಗದಳು, ಎದ್ದಳು. ಎಂಟನೇ ಕ್ಲಾಸಿನ್ಯಾಗ ಓದೋ ಹುಡುಗಿಗೆ ಮೊದಲ ಸಲ ಡಜನ್ ಬಳಿ ಇಡಸಿದ್ದು, ಆ ಹುಡುಗಿ ಅತ್ತಿದ್ದು ಅಂತ ಏನೇನೋ ಹೇಳಿದಳು. ನಾ ಹ್ಞೂಂಗುಟ್ಟತಿದ್ದೆ, ಏನೂ ಕೇಳತಿರಲಿಲ್ಲ. ಸುಜಾತಾ ಮತ್ತ ಮತ್ತ ಬಿ.ಪಿ. ನೋಡಿದಳು. ಮ್ಯಾಲ ಬಂದಿತ್ತು, ಸರಿಯಾಗಿತ್ತು. ಈಗ ಆಕಿ ಹತ್ರ ಮುದುಕಿನ ತಡಿಯಾಕ ಯಾವ ಕಾರಣನೂ ಉಳದಿರಲಿಲ್ಲ, ನನ್ನ ಹತ್ರನೂ.

ಇನ್ನೇನು ರೇಷ್ಮಾ ಬರೋ ಹೊತ್ತಾಗಿತ್ತು, ಹುಸೇನಬಿ ಮಾತು ನಡುವ ಬಿಟ್ಟು ಕಾಲು ಕೆಳಗಿಟ್ಟಳು. "ಪರೀಕ್ಷಾ ಗಿರೀಕ್ಷಾ ನನಗ ಗೊತ್ತಿಲ್ಲ. ನನಗ ಹೋಗೋದೈತಿ" ಅಂದಳು.

ಈ ಸಲ ಆಕಿ ನಗತಿರಲಿಲ್ಲ. ಅವಸರ ಇತ್ತು, ಅದಕ್ಕ ನನಗ ಇನ್ನೂ ಅಂಜಿಕಿ ಹತ್ತಿತು. ಅವಸರದಾಗ ಕಾಲು ತಪ್ಪತಾವ. ಎದ್ದಳು, ಬಾಗಿಲಿಗೆ ಬಂದಳು, ಪೈಪ್ ಹಿಡದಳು, ಎಳಿಯೋ ಕಾಲನ್ನ ಮೊದಲ ಹೊಸ್ತಿಲ ದಾಟಿಸಿ ಇಟ್ಟಳು. ಮೈ ಒಂದು ಕಡೆ ವಾಲಿತು. ಸುಜಾತಾನ ಕೈ ಮ್ಯಾಲ ಎದ್ದಿತು. ನನ್ನ ಕಟ್ಟಿದ ಕೈನೂ ಬಿಚ್ಚಿತು. ಸುಜಾತಾನ ಕೈ ಗಾಳ್ಯಾಗ ಹಂಗ ನಿಂತಿತು, ಮುಟ್ಟಲಿಲ್ಲ. ಹುಸೇನಬಿ ಉಸಿರು ಬಿಟ್ಟು, ಪೈಪಿನ ಮ್ಯಾಲ ಕೈ ಮುಂದ ಸರಿಸಿ, ಎಡಗಾಲು ತಂದು, ಮೆಟ್ಟಲು ಇಳದಳು. ಹಸಿ ಪರಸಿ ಮ್ಯಾಲ ಸಣ್ಣ ಸಣ್ಣ ಹೆಜ್ಜಿ ಹಾಕಿಕೋತ ಹೋದಳು. ನಾವಿಬ್ಬರೂ ಹಿಂದ ಅಂಗಳಕ್ಕ ಇಳದ್ವಿ. ತಗಡಿನ ಬಾಗಿಲು ತಗದು ಒಳಗ ಹೋದಳು. ಬಾಗಿಲು ಮುಚ್ಚಿತು. ಆಮ್ಯಾಲ ಚಿಲಕ ಹಾಕಿದ ಸಪ್ಪಳ ಕೇಳಿತು.

"ಚಿಲಕ ಯಾಕ ಹಾಕಿದ್ರು?" ಅಂದೆ. "ಒಳಗ ಬಿದ್ರ ತಗಿಯೋರು ಯಾರು?"

"ಚಿಲಕ ಇಲ್ಲದ ಸಂಡಾಸಕ್ಕ ಹೋಗಂಗಿಲ್ಲ ಅಂತ ಅಮ್ಮಾ ಮೊದಲ ಅಂದಿದ್ರು ರಿ" ಅಂದಳು ಸುಜಾತಾ. "ಅದಕ್ಕ ಮೌಲಾಣ್ಣಗ ಹೇಳಿ ಹೊರಗಿನಿಂದನೂ ಎತ್ತೋಹಂಗ ಮಾಡಿಸೀನಿ. ಅಲ್ಲಿ ನೋಡ್ರಿ, ಮ್ಯಾಲ ದಾರ ಜೋತು ಬಿಟ್ಟೈತಿ. ಎಳದ್ರ ಚಿಲಕ ಏಳ್ತೈತಿ. ನಾ ದಿನಾ ಎಳದು ನೋಡೀನಿ."

ನಾ ಆ ದಾರ ನೋಡಿದೆ. ಬಾಗಿಲದ ಮ್ಯಾಲಿನ ಸಂದಿಯೊಳಗಿಂದ ಗೇಣುದ್ದ ಹೊರಗ ಬಂದಿತ್ತು, ತುದಿಗೆ ಗಂಟು. ಇಷ್ಟು ದಿನ ಬಂದು ಹೋಗೀನಿ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬರೇ ಅಂಜಿಕಿ ಇದ್ದಾಕಿ ಚಿಲಕಾನ ಕಿತ್ತಿಸಿ ಒಗೀತಿದ್ದಳು.

ಒಳಗಿಂದ ಹುಸೇನಬಿ ಧ್ವನಿ ಬಂತು. "ಅಲ್ಲಿ ನಿಂತು ಏನು ಕೇಳಾಕತ್ತೀರಿ ಇಬ್ಬರೂ? ದೂರ ಹೋಗ್ರಿ."

ಸುಜಾತಾ ತಿರುಗಿ ನಡದಳು. ನಾ ಆ ದಾರದ ಹತ್ರನ ನಿಂತಿದ್ದೆ. ಆಕಿ ಹೊಸ್ತಿಲ ಹತ್ರ ಹೋಗಿ ಹೊಳ್ಳಿ ನೋಡಿ, "ಬರ್ರಿ ಮೇಡಂ, ಬೇಕಾದ್ರ ಅವರ ಕರೀತಾರ" ಅಂದಳು. ನಾ ಹಿಂದಿಂದ ಒಳಗ ಹೋದೆ.

ಫೋನ್ ರಿಂಗಾತು. ಪ್ರಿನ್ಸಿಪಾಲರು. "ಏನು ಬರಿಯೂಣ್ರಿ ಮೇಡಂ, ಪಾಸು ಹೌದೋ ಅಲ್ಲೋ?"

ಹಿತ್ತಲ ಕಡೆ ಕಿವಿಗೊಟ್ಟೆ. ಯಾವ ಸಪ್ಪಳಾನೂ ಇರಲಿಲ್ಲ. "ಹೌದ್ರಿ" ಅಂದೆ. ಹುಸೇನಬಿ ಇನ್ನೂ ಹೊರಗ ಬಂದಿರಲಿಲ್ಲ.